ಪೆಟ್ರೋಲಿಗೆ ಕೊಸರು

ನಮ್ಮ ಮನೆಗೆ ಬಂದವರು ಅಡುಗೆಮನೆಯ ಹಲಗೆಯ ಮೇಲಿರುವ ಒಂದು ಪದಾರ್ಥವನ್ನು ನೋಡಿ, ‘ಇದೇನ್ರೀ ಇಲ್ಲಿ?’ ಎಂದು ಕೇಳದೆ ಹೋಗುವುದಿಲ್ಲ. ಅಪ್ಪನ ಕಾಲದ ಹಿತ್ತಾಳೆಯ ಸೇರು, ಪಾವುಗಳ ಪಕ್ಕದಲ್ಲಿ ಗೇಣುದ್ದದ ಕಪ್ಪು ರಬ್ಬರ್ ಕೊಳವೆಯೊಂದು ಬೆಪ್ಪಾಗಿ ಕೂತಿದೆ. ಅದರ ಒಂದು ತುದಿಯಲ್ಲಿ ಉಗುರು ತೂರುವಷ್ಟು ಸೀಳು. ಸೇರಿನ ಪಕ್ಕದಲ್ಲಿ ಇದಕ್ಕೇನು ಕೆಲಸ ಎಂದು ನೀವೂ ಕೇಳುತ್ತೀರಿ. ಹೇಳುತ್ತೇನೆ, ಆದರೆ ನೇರವಾಗಿ ಹೇಳುತ್ತೇನೆಂದು ಮಾತು ಕೊಡಲಾರೆ. ಮೂವತ್ತು ಚಿಲ್ಲರೆ ವರ್ಷ ಪ್ರೈಮರಿ ಮಕ್ಕಳಿಗೆ ಪಾಠ ಹೇಳಿದವಳು ನಾನು. ಆನೆಯ ಪಾಠಕ್ಕೆ ಹೊರಟು ಬಾಳೆಹಣ್ಣಿನ ಕತೆ ಹೇಳಿ ಗಂಟೆ ಹೊಡೆಸಿಕೊಂಡ ದಿನಗಳು ಬೇಕಾದಷ್ಟಿವೆ.

ನಮ್ಮ ಮನೆ ಹುಣಸೂರಿನಲ್ಲಿ. ಕೆಲಸ ಇದ್ದದ್ದು ಕಂಪಲಾಪುರದಲ್ಲಿ. ಬಸ್ಸಿನಲ್ಲಿ ನಿಂತು ನಿಂತು ಮಂಡಿ ಸವೆದ ಮೇಲೆ, ಐವತ್ತೈದರ ವಯಸ್ಸಿನಲ್ಲಿ, ಯಾರೋ ಬಳಸಿಬಿಟ್ಟ ಒಂದು ಪುಟ್ಟ ಪೆಟ್ರೋಲ್ ಕಾರು ಕೊಂಡು ಓಡಿಸಲು ಕಲಿತೆ. ನಮ್ಮ ಯಜಮಾನರು ಕಲಿಯಲಿಲ್ಲ. ಅವರು ಪಕ್ಕದ ಸೀಟಿನಲ್ಲಿ ಕೂತು, ಬ್ರೇಕ್ ಇಲ್ಲದ ಜಾಗದಲ್ಲಿ ಬ್ರೇಕ್ ತುಳಿಯುತ್ತಾರೆ. ನಿವೃತ್ತಿಯಾದ ಮೇಲೂ ಕಾರು ನನ್ನ ಬಳಿಯೇ ಉಳಿಯಿತು. ಹುಣಸೂರಿನ ಸಂತೆಗೆ ಒಬ್ಬಳೇ ಹೋಗಿ ಬರುವುದು ಎಂಥ ಸುಖ ಎನ್ನುವುದು ಜೀವಮಾನವೆಲ್ಲ ಇನ್ನೊಬ್ಬರ ಹಿಂದೆ ನಡೆದವರಿಗೇ ಗೊತ್ತು.

ಸಂತೆ ಎಂದ ಕೂಡಲೇ ಅಪ್ಪನ ನೆನಪು. ನನ್ನ ತವರು ಸಾಲಿಗ್ರಾಮ. ಅಲ್ಲಿ ಅಪ್ಪನದು ರಾಗಿ, ಹುರುಳಿ, ಅವರೆಯ ಅಂಗಡಿ. ಅಳೆಯುವಾಗ ಅಪ್ಪನ ಬಾಯಲ್ಲಿ ‘ಒಂದು’ ಎಂಬ ಮಾತೇ ಬರುತ್ತಿರಲಿಲ್ಲ, ‘ಲಾಭ’ ಎಂದೇ ಶುರು. ಲಾಭ, ಎರಡು, ಮೂರು. ಸೇರನ್ನು ರಾಶಿಗೆ ಅದುಮಿ ಎತ್ತಿ, ಎರಡು ಸಲ ಕುಲುಕಿ, ಕಾಳು ಕೆಳಗಿಳಿದು ಕೂತ ಮೇಲೆ ಮೇಲೊಂದು ಗೋಪುರ ಕಟ್ಟಿ ಗಿರಾಕಿಯ ಚೀಲಕ್ಕೆ ಸುರಿಯುತ್ತಿದ್ದರು. ಎಲ್ಲ ಮುಗಿದ ಮೇಲೆ ಕೊಸರು. ಅಳತೆ ಎಷ್ಟೇ ಸರಿಯಾಗಿರಲಿ, ಕೊನೆಗೊಂದು ಹಿಡಿ ಹೆಚ್ಚಿಗೆ ಬೀಳದಿದ್ದರೆ ಆ ವ್ಯಾಪಾರ ನಮ್ಮ ಕಡೆ ವ್ಯಾಪಾರವೇ ಅಲ್ಲ. ‘ಕೊಸರು ನಮ್ಮ ಮಗಳ ಕೈಲಿ ಹಾಕುಸ್ತೀನಿ ಕಣಪ್ಪ, ಲಕ್ಷ್ಮಿ ಕೈ ಅದು’ ಎಂದು ಅಪ್ಪ ನನ್ನನ್ನು ಕರೆಯುತ್ತಿದ್ದರು. ನಾನು ಲಂಗ ಎತ್ತಿಕೊಂಡು ರಾಶಿಯ ಮೇಲೆ ಕೂತು ಹಿಡಿ ತುಂಬಿ ಹಾಕುತ್ತಿದ್ದೆ. ಗಿರಾಕಿಗಳಿಗೂ ಸಂತೋಷ, ನನಗೂ ಹೆಮ್ಮೆ. ಆರು ವರ್ಷದ ಮಗುವಿನ ಹಿಡಿಯಲ್ಲಿ ಎಷ್ಟು ಕಾಳು ಹಿಡಿಯುತ್ತದೆ ಎಂಬುದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು ಎನ್ನುವುದು ನನಗೆ ಹೊಳೆದದ್ದು ನನ್ನ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ.

ಹೀಗೆ ಬೆಳೆದವಳಿಗೆ ಕೊಸರು ಬಿಡುವುದೆಂದರೆ ಕೈ ತೊಳೆಯದೆ ಊಟಕ್ಕೆ ಕೂತಂತೆ. ಹೂವಿನವಳ ಮೊಳಕ್ಕೆ ನಾಲ್ಕು ಬೆರಳು ಕೊಸರು, ಸೊಪ್ಪಿನ ಕಂತೆಗೆ ಎರಡು ಕಡ್ಡಿ ಕೊಸರು, ಹಾಲಿನವನ ಪಾವಿನ ಮೇಲೆ ಒಂದು ತೊಟ್ಟು ಕೊಸರು. ಕೇಳಲು ನಾಚಿಕೆ ಎಂಬುದು ನನಗೆ ಗೊತ್ತೇ ಇಲ್ಲ.

ಇನ್ನೊಂದು ದುರಭ್ಯಾಸವನ್ನೂ ಒಪ್ಪಿಕೊಂಡುಬಿಡುತ್ತೇನೆ. ನನಗೆ ಪೆಟ್ರೋಲಿನ ವಾಸನೆ ಇಷ್ಟ. ನಾವು ಚಿಕ್ಕವರಿದ್ದಾಗ ಸಾಲಿಗ್ರಾಮದಲ್ಲಿ ನಮ್ಮ ಬೀದಿಗೆ ಬರುತ್ತಿದ್ದದ್ದು ಒಂದೇ ಮೋಟಾರ್ ಬೈಕು, ಡಾಕ್ಟರದ್ದು. ಅವರು ಮನೆಯೊಳಗೆ ಹೋಗಿ ರೋಗಿಯ ನಾಡಿ ಹಿಡಿಯುವಷ್ಟರಲ್ಲಿ ನಾವು ನಾಲ್ಕೈದು ಮಕ್ಕಳು ಸರದಿಯಲ್ಲಿ ನಿಂತು ಟ್ಯಾಂಕಿನ ಮುಚ್ಚಳಕ್ಕೆ ಮೂಗು ಇಟ್ಟು ಉಸಿರೆಳೆಯುತ್ತಿದ್ದೆವು. ಒಳಗೆ ಯಾರಿಗೋ ಜ್ವರ, ಹೊರಗೆ ನಮಗೆ ಸ್ವರ್ಗ. ಆದ್ದರಿಂದ ನನ್ನ ಕಾರಿನಲ್ಲಿ ಸ್ವಲ್ಪ ಪೆಟ್ರೋಲ್ ವಾಸನೆ ಬಂದರೆ ಅದು ದೋಷ ಎಂದು ನನಗೆ ಅನ್ನಿಸುವುದು ಹೇಗೆ? ಪೆಟ್ರೋಲ್ ಗಾಡಿಯಲ್ಲಿ ಪೆಟ್ರೋಲ್ ವಾಸನೆ ಬಾರದೆ ಮಲ್ಲಿಗೆ ವಾಸನೆ ಬರುತ್ತದೆಯೇ?

ನನ್ನ ಮಗಳು ಚೈತ್ರಾಳನ್ನು ಪಿರಿಯಾಪಟ್ಟಣಕ್ಕೆ ಕೊಟ್ಟಿದ್ದೇವೆ. ಏಳನೆಯ ತಿಂಗಳಲ್ಲಿ ಅವರ ಮನೆಯಲ್ಲಿ ಸೀಮಂತ ಮಾಡಿದರು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕಷ್ಟೆ, ಅವಳನ್ನು ಕರೆತರಲು ನಾನೇ ಕಾರು ತೆಗೆದುಕೊಂಡು ಹೋದೆ. ಬಸುರಿ ಮಗಳು ಕೂರುವ ಗಾಡಿ ತುಂಬಿದಂತಿರಬೇಕು ಎಂದು ಅಲ್ಲಿಯೇ ಪೆಟ್ರೋಲ್ ಬಂಕಿಗೆ ಹೋಗಿ ಟ್ಯಾಂಕಿನ ಬಾಯಿತನಕ ತುಂಬಿಸಿಕೊಂಡು ಬಂದೆ. ಚೈತ್ರಾ ಮಡಿಲು ತುಂಬಿಸಿಕೊಂಡು, ಹಸಿರು ಬಳೆ ತೊಟ್ಟು ಹಿಂದಿನ ಸೀಟಿನಲ್ಲಿ ಕೂತಳು. ಬೀಗಿತ್ತಿ ತಮ್ಮ ಮನೆಯ ಪದ್ಧತಿಯಂತೆ ನಾಲ್ಕು ಗಾಲಿಗೂ ನಾಲ್ಕು ನಿಂಬೆಹಣ್ಣು ಇಟ್ಟು, ಪ್ರತಿ ಗಾಲಿಯ ಪಕ್ಕದಲ್ಲೂ ಒಂದೊಂದು ಬಿಲ್ಲೆ ಕರ್ಪೂರ ಹಚ್ಚಿದರು. ದೃಷ್ಟಿ ತೆಗೆದರು. ಮುಂದೆ ತೆಂಗಿನಕಾಯಿ ಒಡೆದರು.

‘ಅಮ್ಮಾ, ಪೆಟ್ರೋಲ್ ವಾಸ್ನೆ ತುಂಬಾ ಬರ್ತಿದೆ’ ಎಂದಳು ಚೈತ್ರಾ, ಸೆರಗು ಮೂಗಿಗೆ ಹಿಡಿದು.

‘ಬುಡಿ ಅಕ್ಕ, ಬಸ್ರಿ ಮೂಗು ಅದು’ ಎಂದು ಬೀಗಿತ್ತಿ ನಕ್ಕರು. ‘ನಮ್ಮನೆ ಸಾರಿನ ಒಗ್ಗರಣೆನೂ ನಾತ ಅಂತಿದ್ಳು.’

ನೆರೆದಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ನನ್ನ ಬಸುರಿನಲ್ಲಿ ನನಗೆ ಸೀಮೆಸುಣ್ಣದ ವಾಸನೆಗೆ ವಾಂತಿ ಬರುತ್ತಿತ್ತು, ಹಾಗೆಂದು ಶಾಲೆ ಮುಚ್ಚಿದರೇ?

ಅಂದಿನಿಂದ ಒಂದೂವರೆ ತಿಂಗಳು ಇದೇ ಪಾಡು. ಟ್ಯಾಂಕು ತುಂಬಿಸಿಕೊಂಡು ಮೈಸೂರಿನ ಆಸ್ಪತ್ರೆಗೆ ತೋರಿಸಲು ಹೊರಟಾಗಲೆಲ್ಲ ಚೈತ್ರಾ ಮೂಗು ಮುಚ್ಚಿಕೊಂಡು, ಕಿಟಕಿ ಇಳಿಸಿಕೊಂಡು, ಬಿಳಿಕೆರೆ ತಲಪುವಷ್ಟರಲ್ಲಿ ವಾಂತಿ ಮಾಡುತ್ತಿದ್ದಳು. ನಾನು ಕಾರಿನೊಳಗೆ ಕಿತ್ತಳೆ ಸಿಪ್ಪೆ ಹರಡಿದೆ. ಕಾಫಿಪುಡಿ ಗಂಟು ಕಟ್ಟಿ ತೂಗುಹಾಕಿದೆ. ಒಂದು ದಿನ ಸ್ಟಿಯರಿಂಗಿನ ಪಕ್ಕ ಊದುಬತ್ತಿ ಸಿಕ್ಕಿಸಿ ಕಡ್ಡಿ ಗೀರಲು ಹೋದೆ. ಚೈತ್ರಾ ನನ್ನ ಕೈಯಿಂದ ಬೆಂಕಿಪೊಟ್ಟಣ ಕಿತ್ತು ಕಿಟಕಿಯಿಂದಾಚೆ ಎಸೆದುಬಿಟ್ಟಳು. ಬಸುರಿಗೆ ಎಂಥ ಸಿಟ್ಟಪ್ಪ ಎಂದುಕೊಂಡು, ಕಾರಿಳಿದು ಪೊಟ್ಟಣ ಹುಡುಕಿ ತಂದೆ ಎನ್ನುವುದನ್ನು ಇವತ್ತು ನಾಚಿಕೆಯಿಂದ ಹೇಳುತ್ತಿದ್ದೇನೆ.

ಒಂದು ಒಳ್ಳೆಯದಾಯಿತು. ಯಜಮಾನರೂ ಒಂದು ದಿನ ‘ನಾತ ಬರೋದು ನಿಜ ಕಣೇ’ ಎಂದರು. ಅವರೇನು ಬಸುರಿಯಲ್ಲವಲ್ಲ. ಆಗ ಎರಡು ಗ್ಯಾರೇಜಿಗೆ ತೋರಿಸಿದೆ. ಒಬ್ಬರು ಬಾನೆಟ್ ಎತ್ತಿ ಪೆಟ್ರೋಲ್ ಫಿಲ್ಟರ್ ಬದಲಾಯಿಸಿದರು. ಇನ್ನೊಬ್ಬರು ಇಂಜಿನ್ನಿನ ಪೈಪುಗಳನ್ನೆಲ್ಲ ಒರೆಸಿ, ಮೂಸಿ, ‘ಎಲ್ಲೂ ಲೀಕೇಜ್ ಇಲ್ಲ ಮೇಡಂ’ ಎಂದರು. ವಾಸನೆಯೂ ಎರಡು ದಿನ ಬಂದು ನಾಲ್ಕು ದಿನ ನಿಲ್ಲುತ್ತಿತ್ತು, ಗ್ಯಾರೇಜಿಗೆ ಹೋದ ದಿನ ಮಾತ್ರ ಬರುತ್ತಿರಲಿಲ್ಲ. ಯಜಮಾನರು ಮಾರಿಬಿಡೋಣ ಎಂದರು. ಚೈತ್ರಾ, ‘ಹೆರಿಗೆಗೆ ನಾನು ಈ ಕಾರಲ್ಲಿ ಬರಲ್ಲ’ ಎಂದಳು. ಎಂಟು ತುಂಬುತ್ತಾ ಬಂದಿತ್ತು. ಯಾವ ಹೊತ್ತಿನಲ್ಲಿ ನೋವು ಬರುತ್ತದೋ, ನಲವತ್ತೈದು ಕಿಲೋಮೀಟರು ಅವಳನ್ನು ಯಾರದೋ ಗಾಡಿಗೆ ಕಾದು ಕಳಿಸಬೇಕೋ ಎಂಬ ಚಿಂತೆ ನನ್ನನ್ನು ತಿನ್ನತೊಡಗಿತು. ಸಾಲದ್ದಕ್ಕೆ ಆ ವಾರ ಅವಳಿಗೆ ತಲೆನೋವು ಶುರುವಾಯಿತು. ‘ಆ ಹಾಳು ವಾಸನೆ ನೆತ್ತಿಗೇರಿದೆ’ ಎಂದು ಕಾರನ್ನೇ ಬೈದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಆಗ ಯಾರೋ ಎಚ್.ಡಿ. ಕೋಟೆ ರಸ್ತೆಯ ಸಿದ್ದರಾಜುವಿನ ಹೆಸರು ಹೇಳಿದರು. ಗುರುಪುರದ ಕಡೆಯವನು, ನಲವತ್ತೈದರ ಆಸುಪಾಸು. ಷೆಡ್ಡಿಗೆ ಬೋರ್ಡಿಲ್ಲ, ಒಂದು ಹೊಂಗೆಮರವೇ ಗುರುತು. ನಾನು ಹೋಗಿ ನಿಂತಾಗ ಅವನು ಬಾನೆಟ್ ಎತ್ತಲಿಲ್ಲ. ಕೈ ಒರೆಸಿಕೊಂಡು, ನಮ್ಮೂರ ಡಾಕ್ಟರ ಹಾಗೆ ಪ್ರಶ್ನೆಗೆ ಶುರುಮಾಡಿದ. ‘ನಾತ ಯಾವಾಗ ಬತ್ತದೆ? ನಿಂತಾಗ್ಲಾ, ಓಡೋವಾಗ್ಲಾ? ಮುಂದ್ಗಡೆ ಕುಂತೋರ್ಗಾ, ಹಿಂದ್ಗಡೆ ಕುಂತೋರ್ಗಾ?’

‘ನನಗೆ ಅಷ್ಟಾಗಿ ಗೊತ್ತಾಗಲ್ಲಪ್ಪ. ನನ್ನ ಮಗಳಿಗೆ ಬರುತ್ತೆ. ಅವಳು ಹಿಂದೆ ಕೂರ್ತಾಳೆ. ಆದರೆ ಅವಳು ಬಸುರಿ.’

‘ಬಸ್ರಿ ಆದ್ರೇನು ಟೀಚರಮ್ಮ? ಬಸ್ರೇರ್ ಮೂಗು ನನ್ ಮೂಗ್ಗಿಂತ ಚುರುಕು’ ಎಂದ. ‘ನಾಳೆ ಬೆಳಗ್ಗೆ ಆರೂವರೆಗೆ ಬನ್ನಿ. ನಾನು ಕಾಪಿ ಕುಡ್ದಿರಕಿಲ್ಲ, ಬೀಡಿ ಸೇದಿರಕಿಲ್ಲ. ನೀವೂ ತಲೆಗೆ ಹೂವ ಮುಡ್ಕೊಂಡು ಬರ್ಬ್ಯಾಡಿ. ಗಾಡಿಗೆ ಕಟ್ಟಿರೋ ಆ ಕಾಪಿಪುಡಿ ಗಂಟ್ನೂ ಬಿಸಾಕಿ.’

ಮಾರನೆಯ ಬೆಳಗ್ಗೆ ಹೂವಿಲ್ಲದ ಬೋಳು ತುರುಬಿನಲ್ಲಿ ಹೋದೆ. ಸಿದ್ದರಾಜು ಖಾಲಿ ಹೊಟ್ಟೆಯಲ್ಲಿ ನಿಂತಿದ್ದ. ಷೆಡ್ಡಿನ ಎಣ್ಣೆ ಬಟ್ಟೆಗಳಿಂದ ದೂರ, ಮರದ ಕೆಳಗೆ ಕಾರು ನಿಲ್ಲಿಸಲು ಹೇಳಿದ. ಕಣ್ಣು ಮುಚ್ಚಿಕೊಂಡು, ಎರಡೂ ಕೈ ಬೆನ್ನಿಗೆ ಕಟ್ಟಿ, ಕಾರಿನ ಸುತ್ತ ಬಗ್ಗಿ ಬಗ್ಗಿ ನಡೆದ. ಬಾನೆಟ್ಟಿನ ಬಳಿ ನಿಲ್ಲಲೇ ಇಲ್ಲ. ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತಿನಲ್ಲಿ ಹಿಂದಿನ ಬಲಗಾಲಿಯ ಬಳಿ ನಿಂತು, ಮಂಡಿಯೂರಿ, ಮೂಗನ್ನು ಗಾಲಿಯ ಮೇಲಿನ ಸಂದಿಗೆ ಇಟ್ಟ. ‘ಇಲ್ಲೇ ಕಣಮ್ಮ. ಈಗ ಹರೀತಿಲ್ಲ. ಮೂರ್ನಾಕು ದಿವಸದ್ ಹಿಂದೆ ಹರ್ದದ್ದು.’

ನಾನು ಬೆರಗಾಗಿ ನಿಂತುಬಿಟ್ಟೆ. ವಾಸನೆ ಎಲ್ಲಿದೆ ಎಂದು ಹೇಳುವವರನ್ನು ಕಂಡಿದ್ದೆ, ಅದರ ವಯಸ್ಸು ಹೇಳುವವರನ್ನು ಕಂಡಿರಲಿಲ್ಲ. ಎಲ್ಲಿ ಕಲಿತೆಯಪ್ಪ ಎಂದೆ. ಅವನಪ್ಪ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್ ಮನೆಯಲ್ಲಿ ಸೊಪ್ಪು ಬೇಯಿಸುತ್ತಿದ್ದನಂತೆ. ‘ಕಿಟ್ಕಿ ಒಂಚೂರು ತಗ್ದು ಮೂಗು ಇಕ್ಕೋನು. ಎಲೆ ಒಣಗದೆ, ದಂಟು ಒಣಗಿಲ್ಲ, ಬೆಂಕಿ ಇರ್ಲಿ ಅನ್ನೋನು. ಗೋಡೇಲಿ ಥರ್ಮಾಮೀಟ್ರು ನೇತಾಡ್ತಿತ್ತು. ಅದನ್ನ ನೋಡೋರು ಯಾರು? ನನ್ನೂ ಪಕ್ಕದಾಗೆ ನಿಲ್ಲಿಸ್ಕಂಡು ಮೂಸ್ಲಾ ಮೂಸ್ಲಾ ಅನ್ನೋನು.’ ಸೊಪ್ಪು ಒಂದು ಗಂಟೆ ಹೆಚ್ಚು ಬೆಂದರೂ ವರ್ಷದ ಬೆಳೆ ಕೆಟ್ಟಿತು ಎಂಬ ಊರಿನಲ್ಲಿ ಮೂಗಿಗೆ ಹೀಗೆ ಪಾಠವಾಗುತ್ತದೆ. ನಾನು ಇಷ್ಟು ವರ್ಷ ಮಕ್ಕಳಿಗೆ ಕಣ್ಣಿಂದ ಓದಿಸಿದೆ, ಕಿವಿಯಿಂದ ಕೇಳಿಸಿದೆ. ಮೂಗೆಂಬುದೊಂದು ಇದೆ ಎಂದು ನೆಗಡಿ ಬಂದಾಗ ಮಾತ್ರ ನೆನಪು ಮಾಡಿಕೊಂಡಿದ್ದೆ.

ಗಾಲಿ ಬಿಚ್ಚಿ, ಒಳಗಿನ ತಗಡು ಸರಿಸಿ ತೋರಿಸಿದ. ನಾವು ಪೆಟ್ರೋಲ್ ಹಾಕಿಸುವ ಬಾಯಿಯಿಂದ ಕೆಳಗಿನ ಟ್ಯಾಂಕಿಗೆ ಒಂದು ರಬ್ಬರ್ ಕೊಳವೆ ಇಳಿಯುತ್ತದೆ. ಮೇಲೆಲ್ಲ ಧೂಳು, ಎಲ್ಲೂ ಪಸೆಯಿಲ್ಲ. ಅದನ್ನು ಚೆನ್ನಾಗಿ ಒರೆಸಿ ಒಣಗಿಸಿದ. ಆಮೇಲೆ ನನ್ನ ಹಣೆ ನೋಡಿ, ‘ಈಬೂತಿ ತಂದಿದ್ದೀರಾ?’ ಎಂದು ಕೇಳಿದ. ವಿಭೂತಿಯಿಲ್ಲದೆ ನಾನು ಮನೆ ಬಿಡುವುದುಂಟೇ? ಚೀಲದಿಂದ ಗಟ್ಟಿ ತೆಗೆದುಕೊಟ್ಟೆ. ಅದನ್ನು ಕಲ್ಲಿನ ಮೇಲೆ ನುಣ್ಣಗೆ ಪುಡಿಮಾಡಿ, ಕೊಳವೆಯ ಉದ್ದಕ್ಕೂ ಬೆರಳಿನಿಂದ ಬಳಿದ. ಕರೀ ಕೊಳವೆ ಬೆಳ್ಳಗಾಯಿತು. ದೇವರ ಭಸ್ಮವನ್ನು ಇದಕ್ಕೆ ಬಳಿಯುವುದೇ ಎಂದು ಒಂದು ಕ್ಷಣ ಅಳುಕಿದೆ, ನಿಜ.

‘ಈಗ ನೀವು ಯಾವಾಗ್ಲೂ ಎಂಗೆ ಪೆಟ್ರೋಲ್ ಹಾಕುಸ್ತೀರೋ ಅಂಗೇ ಹಾಕ್ಸಿ. ನಾನ್ ಸುಮ್ನೆ ನೋಡ್ತೀನಿ’ ಎಂದು ಗಾಲಿ ಹಾಕಿ, ಪಕ್ಕದಲ್ಲಿ ಹತ್ತಿ ಕೂತ.

ಬಂಕಿನಲ್ಲಿದ್ದ ಹೆಣ್ಣುಮಗಳಿಗೆ ಫುಲ್ ಟ್ಯಾಂಕ್ ಎಂದೆ. ತುಂಬಿದ ಕೂಡಲೇ ಪೆಟ್ರೋಲ್ ಗನ್ನು ಟಕ್ ಎಂದು ತಾನೇ ನಿಂತಿತು. ‘ಇನ್ನೊಂಚೂರು ಹಾಕಮ್ಮ’ ಎಂದೆ, ಎಂದಿನಂತೆ. ಅವಳಿಗೂ ನನ್ನ ಪರಿಚಯ, ನಗುತ್ತ ಹಾಕಿದಳು. ಮತ್ತೆ ಟಕ್. ನಾನು ಕಾರಿನ ಹಿಂಭಾಗಕ್ಕೆ ಹೋಗಿ, ಎರಡೂ ಕೈಯಿಂದ ಹಿಡಿದು ನಾಲ್ಕು ಸಲ ಚೆನ್ನಾಗಿ ಕುಲುಕಿದೆ. ‘ಈಗ ಕೆಳಗಿಳಿದಿದೆ ನೋಡು, ಕೊಸರು ಹಾಕಿಬಿಡು.’ ಪೆಟ್ರೋಲು ಬಾಯಿಯ ಅಂಚಿಗೆ ಬಂದು ಹೊಳೆಯಿತು. ಕೊಸರಿಗೂ ದುಡ್ಡು ಕೊಡಬೇಕಾದ ಅಂಗಡಿ ಲೋಕದಲ್ಲಿ ಇದೊಂದೇ ಎಂಬುದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಸಿದ್ದರಾಜು ಹಣೆ ಚಚ್ಚಿಕೊಂಡ. ‘ಇದೇನ್ ರಾಗಿ ಸೇರಾ ಟೀಚರಮ್ಮ, ಕುಲುಕಿ ತುಂಬ್ಸಕ್ಕೆ? ಟಕ್ ಅಂದ್ರೆ ಸಾಕು ಅಂತ ಅದು. ಮ್ಯಾಲೆ ಆವಿ ಆಡಕ್ಕೆ ಜಾಗ ಬುಡ್ಬೇಕು.’

ಎಚ್.ಡಿ. ಕೋಟೆ ರಸ್ತೆಯ ತಿರುವುಗಳಲ್ಲಿ ಒಂದು ಸುತ್ತು ಹೋಗಿ ಬಂದೆವು. ಮರದ ಕೆಳಗೆ ಮತ್ತೆ ಗಾಲಿ ಬಿಚ್ಚಿದ. ‘ಬಗ್ಗಿ ನೋಡಿ’ ಎಂದ. ಬಗ್ಗಿ ನೋಡಿದೆ. ಬೆಳ್ಳಗಿನ ವಿಭೂತಿಯ ಮೇಲೆ, ಕೊಳವೆಯ ನೆತ್ತಿಯಲ್ಲಿ, ಕ್ಲಿಪ್ಪಿನ ಕೆಳಗೆ, ಒಂದು ಕಪ್ಪು ಗೆರೆ ಮೂಡಿತ್ತು. ನಾವು ನೋಡುತ್ತಿದ್ದಂತೆಯೇ ಅದು ಕೆಳಗೆ ಇಳಿಯಿತು, ತುದಿಯಲ್ಲಿ ಒಂದು ಹನಿಯಾಗಿ ನಿಂತಿತು, ಗಾಲಿಯಿರಬೇಕಾದ ಜಾಗದಲ್ಲಿ ನೆಲಕ್ಕೆ ಬಿತ್ತು. ಇಷ್ಟು ದಿನ ಯಾರ ಕಣ್ಣಿಗೂ ಬೀಳದಿದ್ದದ್ದು ಒಂದು ಚಿಟಿಕೆ ಭಸ್ಮದಲ್ಲಿ ತಾನಾಗಿ ಬರೆದುಕೊಂಡಿತ್ತು. ಸೀಳು ಮೇಲ್ತುದಿಯಲ್ಲಿ, ಅದರ ಮಟ್ಟಕ್ಕೆ ಪೆಟ್ರೋಲು ಏರುವುದು ನಾನು ಕೊಸರು ಹಾಕಿಸಿದಾಗ ಮಾತ್ರ. ಎರಡು ದಿನ ಓಡಿಸಿದರೆ ಮಟ್ಟ ಇಳಿಯುತ್ತದೆ, ವಾಸನೆ ನಿಲ್ಲುತ್ತದೆ. ಗ್ಯಾರೇಜಿನವರದು ತಪ್ಪಿರಲಿಲ್ಲ.

‘ಒಸಾ ಪೈಪು ಆಗೋಗಂಟ ಈ ಗಾಲಿ ಹತ್ರ ಯಾರೂ ಬೆಂಕಿ ತರ್ಬ್ಯಾಡಿ. ಬೀಡಿ ಕಿಡಿ ಸಾಕು’ ಎಂದ ಸಿದ್ದರಾಜು.

ಆಗ ನನಗೆ ನೆನಪಾಯಿತು. ನಾಲ್ಕು ಗಾಲಿಗೆ ನಾಲ್ಕು ಬಿಲ್ಲೆ. ಬಾಯಿತನಕ ತುಂಬಿದ ಟ್ಯಾಂಕು. ಹಸಿರು ಬಳೆಯ ಕೈಯಲ್ಲಿ ಸೆರಗು ಹಿಡಿದು, ಅದೇ ಗಾಲಿಯ ಮೇಲಿನ ಸೀಟಿನಲ್ಲಿ ಕೂತ ನನ್ನ ಮಗಳು, ಅವಳ ಹೊಟ್ಟೆಯಲ್ಲಿ ಏಳು ತಿಂಗಳ ಜೀವ. ಸುತ್ತ ನಗುತ್ತ ನಿಂತಿದ್ದ ನಾವು. ನಾನು ಹೊಂಗೆಮರದ ಬುಡದಲ್ಲಿ ಕೂತುಬಿಟ್ಟೆ. ಸಿದ್ದರಾಜು ಗಾಬರಿಯಾಗಿ ನೀರು ತಂದುಕೊಟ್ಟ. ವಿಷಯ ಹೇಳಿದೆ. ಅವನು ಆ ಗಾಲಿಯನ್ನೊಮ್ಮೆ, ಹೊಂಗೆಯ ಎಲೆಗಳನ್ನೊಮ್ಮೆ ನೋಡಿದ. ‘ಗಾಳಿ ಆಕಡೀಕೆ ಬೀಸ್ತಿತ್ತೇನೋ ಕಣಮ್ಮ’ ಎಂದ ಕೊನೆಗೆ. ಆ ದಿನ ಗಾಳಿ ಯಾವ ಕಡೆಗೆ ಬೀಸುತ್ತಿತ್ತೋ ನನಗೆ ಗೊತ್ತಿಲ್ಲ. ಯಾವ ಕಡೆಗೆ ಬೀಸಿತ್ತೋ ಆ ದಿಕ್ಕಿಗೆ ಇವತ್ತಿಗೂ ಕೈಮುಗಿಯುತ್ತೇನೆ.

ಹನ್ನೊಂದು ಗಂಟೆಗೆ ಹೊಸ ಕೊಳವೆ ಕೂತಿತು. ಸೀಳಿದ್ದನ್ನು ಕೇಳಿ ಪಡೆದುಕೊಂಡೆ. ಮನೆಗೆ ಬಂದು ಚೈತ್ರಾಳನ್ನು ಎಬ್ಬಿಸಿ, ‘ಬಾ, ಕೂತು ನೋಡು’ ಎಂದೆ. ಅವಳು ಒಲ್ಲದ ಮನಸ್ಸಿನಿಂದ ಹಿಂದಿನ ಸೀಟಿನಲ್ಲಿ ಕೂತಳು. ಲಕ್ಷ್ಮಣತೀರ್ಥದ ಸೇತುವೆಯವರೆಗೆ ಹೋದೆವು. ನಾನು ಬಂಕಿನ ಕತೆ, ಭಸ್ಮದ ಕತೆ ಎಲ್ಲ ಹೇಳಿದೆ. ಕರ್ಪೂರದ್ದನ್ನೂ ಹೇಳಿದೆ. ‘ನೀನು ಹೇಳಿದ್ದೇ ಸರಿ ಕಣೇ. ನಾವೆಲ್ಲ ನಿನ್ನ ಮೂಗನ್ನೇ ಕೆಟ್ಟಿದೆ ಅಂದ್ವಿ’ ಎಂದೆ. ಅವಳು ಕಿಟಕಿ ಏರಿಸಿ, ನಿಧಾನವಾಗಿ ಉಸಿರೆಳೆದುಕೊಂಡಳು.

‘ಇಲ್ಲಮ್ಮ, ಈಗ ಬರ್ತಿಲ್ಲ.’

‘ಇನ್ನು ತಲೆನೋವೂ ಹೋಗುತ್ತೆ ಬಿಡು.’

ಅವಳು ಹಣೆ ಒತ್ತಿಕೊಂಡಳು. ‘ಅಮ್ಮ, ಈ ತಲೆನೋವು ಅದರದಲ್ಲ.’

ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದುಬಿಟ್ಟಿತ್ತು. ಹೇಗೋ ನುಂಗಿಕೊಂಡೆ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಹಿಂದಕ್ಕೆ ತಿರುಗಿ ಕೇಳಿದೆ: ಯಾವಾಗ ಬರುತ್ತೆ? ಎಲ್ಲಿ ಬರುತ್ತೆ? ಜೊತೆಗೆ ಇನ್ನೇನಾಗುತ್ತೆ? ಅವಳು ಒಂದೊಂದಾಗಿ ಹೇಳಿದಳು. ನೆತ್ತಿಯಲ್ಲಲ್ಲ, ಹಣೆಯಲ್ಲಿ. ಮಲಗಿದರೂ ಹೋಗುವುದಿಲ್ಲ. ನಿನ್ನೆಯಿಂದ ಕಣ್ಣು ಮಂಜಾಗುತ್ತಿದೆ, ಮಿಣುಕು ಮಿಣುಕು ಕಾಣುತ್ತಿದೆ. ಬಳೆ ಬಿಗಿಯಾಗಿದೆ. ಕೈ ಚಾಚಿ ತೋರಿಸಿದಳು. ಹಸಿರು ಬಳೆಯ ಎರಡೂ ಬದಿಗೆ ಮಾಂಸ ಉಬ್ಬಿಕೊಂಡಿತ್ತು. ದಿನಾ ಆ ಕೈಗೆ ಊಟದ ತಟ್ಟೆ ಕೊಡುತ್ತಿದ್ದವಳು ನಾನೇ.

ಕಾರನ್ನು ಮನೆಯ ಕಡೆಗೆ ತಿರುಗಿಸಲಿಲ್ಲ, ಮೈಸೂರು ರಸ್ತೆಗೆ ಹತ್ತಿಸಿದೆ. ಬಟ್ಟೆಯ ಗಂಟು ತೆಗೆದುಕೊಂಡು ಬಸ್ಸಿನಲ್ಲಿ ಬನ್ನಿ ಎಂದು ಚೈತ್ರಾಳ ಕೈಯಲ್ಲೇ ಯಜಮಾನರಿಗೆ ಫೋನು ಮಾಡಿಸಿದೆ. ಬಿಳಿಕೆರೆ ದಾಟಿತು, ಇಲವಾಲ ದಾಟಿತು. ಅವಳು ವಾಂತಿ ಮಾಡಲಿಲ್ಲ, ಮೂಗು ಮುಚ್ಚಲಿಲ್ಲ. ಕನ್ನಡಿಯಲ್ಲಿ ನೋಡಿದಾಗಲೆಲ್ಲ ಕಣ್ಣು ಮುಚ್ಚಿ ಒರಗಿದ್ದಳು.

ಆಸ್ಪತ್ರೆಯಲ್ಲಿ ಮುಂದಿನದೆಲ್ಲ ಸುಖವಾಗಿಯೇ ನಡೆಯಿತು. ನಾಲ್ಕನೆಯ ದಿನ ಮೊಮ್ಮಗಳು ಹುಟ್ಟಿದಳು, ಸ್ವಲ್ಪ ಬೇಗ, ಸ್ವಲ್ಪ ಸಣ್ಣಗೆ, ಆದರೆ ಇಡೀ ವಾರ್ಡು ಕೇಳುವಂತೆ ಅಳುತ್ತ. ನನಗೆ ಮರೆಯಲಾಗದ್ದು ಮಾತ್ರ ಆ ಮೊದಲ ದಿನ. ಡಾಕ್ಟರು ಚೈತ್ರಾಳ ತೋಳಿಗೆ ಪಟ್ಟಿ ಸುತ್ತಿ, ಬಿ.ಪಿ. ನೋಡಿ, ಇನ್ನೊಮ್ಮೆ ನೋಡಿ, ನರ್ಸನ್ನು ಕೂಗಿದರು. ಬಿ.ಪಿ. ತುಂಬ ಏರಿದೆ, ಇವತ್ತೇ ಅಡ್ಮಿಟ್ ಆಗಬೇಕು, ಇನ್ನೊಂದು ದಿನ ಬಿಟ್ಟಿದ್ದರೆ ತಾಯಿಗೂ ಮಗುವಿಗೂ ಕಷ್ಟವಾಗುತ್ತಿತ್ತು ಎಂದರು. ಬರೆದುಕೊಳ್ಳುತ್ತ, ತಲೆ ಎತ್ತದೆ ನನ್ನನ್ನು ಕೇಳಿದರು: ‘ತಲೆನೋವು ಅಂತ ಯಾವಾಗಿಂದ ಹೇಳ್ತಿದ್ದಾರೆ ಇವರು?’

ಚೈತ್ರಾ ನನ್ನ ಮುಖ ನೋಡಿದಳು.

‘ಹೇಳ್ತಾನೇ ಇದ್ಲು ಡಾಕ್ಟ್ರೇ’ ಎಂದೆ. ‘ನಾನು ಕೇಳಿಸಿಕೊಂಡಿದ್ದು ಇವತ್ತು.’